ಗುದಸಂಕೋಚಕ ಸ್ನಾಯುಗಳ ಅಲ್ಟ್ರಾಸೌಂಡ್ ಪರೀಕ್ಷೆ: ತಾಯಂದಿರು ಮತ್ತು ಮನೆಯವರು ತಿಳಿದಿರಬೇಕಾದ ಸಂಗತಿಗಳು

ಮಲವನ್ನೂ ಅಪಾನವಾಯುವನ್ನೂ ಬೇಕೆಂದಾಗ ತಡೆಹಿಡಿಯುವ, ತಕ್ಕ ಸ್ಥಳದಲ್ಲಿ ವಿಸರ್ಜಿಸುವ ಶಕ್ತಿಯು ಆರೋಗ್ಯವಂತರ ಗಮನಕ್ಕೇ ಬರುವುದಿಲ್ಲ. ಎಳವೆಯಲ್ಲಿ ಒಮ್ಮೆ ಈ ಹತೋಟಿ ಸಾಧಿಸಿದ ಮೇಲೆ ಮನುಷ್ಯನು ಅದನ್ನು ಮರೆತೇಬಿಡುತ್ತಾನೆ. ಅದು ಕೈತಪ್ಪಿದಾಗ ಮಾತ್ರ ಅದರ ಬೆಲೆ ತಿಳಿಯುತ್ತದೆ. ಹೀಗೆ ಹತೋಟಿ ತಪ್ಪಿದವರಲ್ಲಿ ಸ್ತ್ರೀಯರ ಸಂಖ್ಯೆ ದೊಡ್ಡದು. ಅವರಲ್ಲಿ ಅನೇಕರಿಗೆ ಈ ತೊಂದರೆಯ ಮೂಲ ಹೆರಿಗೆಯ ಸಮಯದಲ್ಲಿ ಆದ ಗಾಯವಾಗಿರುತ್ತದೆ. ಆದರೆ ನಾಚಿಕೆಯ ಕಾರಣದಿಂದ ಅವರು ಅದನ್ನು ಗಂಡನಿಗಾಗಲಿ, ತಾಯಿಗಾಗಲಿ, ವೈದ್ಯರಿಗಾಗಲಿ ಹೇಳುವುದಿಲ್ಲ. ಮದುವೆ ಮುಂಜಿಗಳಿಗೆ ಹೋಗುವುದನ್ನು ನಿಲ್ಲಿಸುತ್ತಾರೆ. ಬಸ್ಸಿನ ಪ್ರಯಾಣಕ್ಕೆ ಹೆದರುತ್ತಾರೆ. ದೇವಾಲಯಕ್ಕೆ ಹೋಗಲು ಹಿಂಜರಿಯುತ್ತಾರೆ. ವರ್ಷಗಳು ಹೀಗೆಯೇ ಕಳೆದುಹೋಗುತ್ತವೆ.

ಈ ಗಾಯವನ್ನು ಕಣ್ಣಿಗೆ ಕಾಣುವಂತೆ ತೋರಿಸುವ ಒಂದು ಸರಳ ಪರೀಕ್ಷೆ ಇಂದು ಲಭ್ಯವಿದೆ. ಅದೇ ಗುದದ್ವಾರದ ಒಳಗಿನಿಂದ ಮಾಡುವ ಅಲ್ಟ್ರಾಸೌಂಡ್ ಪರೀಕ್ಷೆ. ಈ ಪರೀಕ್ಷೆ ಎಂದರೇನು, ಯಾರಿಗೆ ಬೇಕು, ಹೇಗೆ ಮಾಡುತ್ತಾರೆ, ಅದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಚೆನ್ನೈ ನಗರದಲ್ಲಿ ನೆಲೆಸಿರುವ ಕನ್ನಡಿಗರಿಗೂ ಚಿಕಿತ್ಸೆಗಾಗಿ ಅಲ್ಲಿಗೆ ಹೋಗುವವರಿಗೂ ಉಪಯುಕ್ತವಾಗುವಂತೆ ಅಲ್ಲಿನ ಕೆಲವು ಸಂಗತಿಗಳನ್ನು ಸೇರಿಸಲಾಗಿದೆ.

ಚೆನ್ನೈ ನಗರ ಮತ್ತು ಸ್ತ್ರೀಯರ ಚಿಕಿತ್ಸೆ

1996ರವರೆಗೆ ಮದ್ರಾಸ್ ಎಂದು ಕರೆಯಲಾಗುತ್ತಿದ್ದ ಈ ನಗರಕ್ಕೂ ಕನ್ನಡ ನಾಡಿಗೂ ಹಳೆಯ ನಂಟಿದೆ. ಬಳ್ಳಾರಿ ಜಿಲ್ಲೆಯ ಕನ್ನಡ ಭಾಗಗಳು 1953ರವರೆಗೂ, ದಕ್ಷಿಣ ಕನ್ನಡ ಜಿಲ್ಲೆಯು 1956ರವರೆಗೂ ಮದ್ರಾಸ್ ಆಡಳಿತಕ್ಕೆ ಸೇರಿದ್ದವು. ಹೆರಿಗೆ ವೈದ್ಯದ ಶಿಕ್ಷಣಕ್ಕೆ ಹೆಸರಾದ ನಗರವಿದು. ಮದ್ರಾಸ್ ವೈದ್ಯಕೀಯ ಕಾಲೇಜಿನ ಮೂಲವಾದ ವೈದ್ಯಶಾಲೆಯು 1835ರಲ್ಲಿ ಆರಂಭವಾಯಿತು. 1844ರಲ್ಲಿ ಸ್ಥಾಪಿತವಾದ ಹೆರಿಗೆ ಆಸ್ಪತ್ರೆಯು ಇಂದು ಎಗ್ಮೋರಿನಲ್ಲಿ ಪ್ರಸೂತಿ ಮತ್ತು ಸ್ತ್ರೀರೋಗ ಸಂಸ್ಥೆಯಾಗಿ ಬೆಳೆದು ನಿಂತಿದೆ. ದಕ್ಷಿಣ ಭಾರತದ ವೈದ್ಯ ವಿದ್ಯಾರ್ಥಿಗಳು ಬಹುಕಾಲ ಓದಿದ ಪ್ರಸೂತಿಶಾಸ್ತ್ರದ ಪಠ್ಯಗ್ರಂಥವನ್ನು ಬರೆದವರೂ ಈ ನಗರದ ವೈದ್ಯರಾದ ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಮತ್ತು ಎಂ. ಕೆ. ಕೃಷ್ಣ ಮೆನನ್ ಅವರು.

ನಗರದ ಇನ್ನೊಂದು ಆಸ್ಪತ್ರೆಯ ಚರಿತ್ರೆಯು ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಗೋಷಾ ಪದ್ಧತಿಯನ್ನು ಪಾಲಿಸುತ್ತಿದ್ದ ಸ್ತ್ರೀಯರು ಪುರುಷ ವೈದ್ಯರ ಬಳಿ ಹೋಗುತ್ತಿರಲಿಲ್ಲ. ಎಷ್ಟೋ ತಾಯಂದಿರು ಚಿಕಿತ್ಸೆಯಿಲ್ಲದೆ ಸಾಯುತ್ತಿದ್ದರು. ಇದನ್ನು ಕಂಡು ಮೇರಿ ಶಾರ್ಲೀಬ್ ಎಂಬ ಆಂಗ್ಲ ಮಹಿಳೆಯು 1875ರಲ್ಲಿ ಮದ್ರಾಸ್ ವೈದ್ಯಕೀಯ ಕಾಲೇಜನ್ನು ಸೇರಿ ವೈದ್ಯವಿದ್ಯೆ ಕಲಿತರು. ಅವರ ಪ್ರಯತ್ನದ ಫಲವಾಗಿ 1885ರಲ್ಲಿ ಸ್ತ್ರೀಯರಿಗೆಂದೇ ಒಂದು ಆಸ್ಪತ್ರೆ ಪ್ರಾರಂಭವಾಯಿತು. ಜನರು ಅದನ್ನು ಗೋಷಾ ಆಸ್ಪತ್ರೆ ಎಂದು ಕರೆದರು. ತಿರುವಲ್ಲಿಕ್ಕೇಣಿಯಲ್ಲಿರುವ ಇಂದಿನ ಕಸ್ತೂರಬಾ ಗಾಂಧಿ ಸರ್ಕಾರಿ ಆಸ್ಪತ್ರೆಯೇ ಅದು. ಲಜ್ಜೆಯು ಚಿಕಿತ್ಸೆಗೆ ಅಡ್ಡಿಯಾಗಬಾರದು ಎಂಬ ಒಂದೇ ಉದ್ದೇಶದಿಂದ ಕಟ್ಟಿದ ಆಸ್ಪತ್ರೆಯಿದು.

ಇಂದು ಪರಿಸ್ಥಿತಿ ಬಹಳ ಸುಧಾರಿಸಿದೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು, ಕರ್ನಾಟಕದಲ್ಲಿ ನೂರಕ್ಕೆ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತಿವೆ. ಹೆರಿಗೆಯು ಆಸ್ಪತ್ರೆಗೆ ಬಂದಿದೆ. ಆದರೆ ಹೆರಿಗೆಯ ಅನಂತರ ಉಳಿಯುವ ಈ ಒಂದು ತೊಂದರೆಯ ಮಾತು ಮಾತ್ರ ಇನ್ನೂ ಗೋಷಾದ ಮರೆಯಲ್ಲಿಯೇ ಇದೆ.

ಸಂಕೋಚಕ ಸ್ನಾಯುಗಳ ರಚನೆ

ದೊಡ್ಡ ಕರುಳಿನ ಕೊನೆಯ ಭಾಗವಾದ ಮಲಾಶಯವು ಗುದನಾಳ ಎಂಬ ಕಿರಿದಾದ ಹಾದಿಯ ಮೂಲಕ ಹೊರಕ್ಕೆ ತೆರೆದುಕೊಳ್ಳುತ್ತದೆ. ವಯಸ್ಕರಲ್ಲಿ ಈ ಹಾದಿಯ ಉದ್ದ ಸುಮಾರು 3ರಿಂದ 4 ಸೆಂಟಿಮೀಟರು ಮಾತ್ರ. ಇದರ ಸುತ್ತ ಒಂದರ ಹೊರಗೆ ಇನ್ನೊಂದರಂತೆ ಎರಡು ಸ್ನಾಯುಗಳು ಉಂಗುರದಂತೆ ಸುತ್ತಿಕೊಂಡಿವೆ.

ಒಳಗಿನ ಉಂಗುರಕ್ಕೆ ಒಳ ಸಂಕೋಚಕ ಎಂದು ಹೆಸರು. ಇದರ ದಪ್ಪ ಸಾಮಾನ್ಯವಾಗಿ 2ರಿಂದ 3 ಮಿಲಿಮೀಟರು. ಇದು ನಮ್ಮ ಇಚ್ಛೆಗೆ ಒಳಪಟ್ಟಿಲ್ಲ. ನಾವು ಮಲಗಿದ್ದಾಗಲೂ ಕೆಲಸದಲ್ಲಿ ಮಗ್ನರಾಗಿದ್ದಾಗಲೂ ಇದು ತಾನಾಗಿಯೇ ಬಿಗಿಯಾಗಿದ್ದು ಹಾದಿಯನ್ನು ಮುಚ್ಚಿಟ್ಟಿರುತ್ತದೆ. ವಿಶ್ರಾಂತಿಯ ಸ್ಥಿತಿಯಲ್ಲಿ ಗುದನಾಳದಲ್ಲಿರುವ ಬಿಗಿತದ ಬಹುಪಾಲು ಇದರಿಂದಲೇ ಬರುತ್ತದೆ. ಇದಕ್ಕೆ ಪೆಟ್ಟಾದರೆ ಅರಿವಿಗೇ ಬಾರದಂತೆ ಮಲ ಸೋರಿ ಬಟ್ಟೆ ಕೊಳೆಯಾಗುತ್ತದೆ.

ಹೊರಗಿನ ಉಂಗುರವು ಹೊರ ಸಂಕೋಚಕ. ಇದು ಕೈಕಾಲುಗಳ ಸ್ನಾಯುಗಳಂತೆ ನಮ್ಮ ಇಚ್ಛೆಗೆ ಒಳಪಟ್ಟಿದೆ. ಮಲಪ್ರವೃತ್ತಿಯಾದಾಗ ಶೌಚಾಲಯ ಸಿಗುವವರೆಗೆ ತಡೆದುಕೊಳ್ಳಲು ನೆರವಾಗುವುದು ಇದೇ. ಇದಕ್ಕೆ ಪೆಟ್ಟಾದವರು ಆತುರ ಬಂದೊಡನೆ ಓಡಬೇಕಾಗುತ್ತದೆ. ತಡವಾದರೆ ದಾರಿಯಲ್ಲಿಯೇ ಹತೋಟಿ ತಪ್ಪುತ್ತದೆ. ಈ ಎರಡು ಉಂಗುರಗಳ ಮೇಲ್ಭಾಗದಲ್ಲಿ ಇನ್ನೊಂದು ಸ್ನಾಯುವು ಜೋಳಿಗೆಯ ಪಟ್ಟಿಯಂತೆ ಮಲಾಶಯವನ್ನು ಹಿಂದಿನಿಂದ ಬಳಸಿ ಮುಂದಕ್ಕೆ ಎಳೆದು ಹಿಡಿದಿರುತ್ತದೆ.

ಸ್ತ್ರೀಯರ ದೇಹರಚನೆಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಗುದನಾಳದ ಮುಂಭಾಗದಲ್ಲಿ, ಅಂದರೆ ಯೋನಿಯ ಕಡೆಗೆ, ಹೊರ ಸಂಕೋಚಕವು ಹಿಂಭಾಗಕ್ಕಿಂತ ಗಿಡ್ಡವಾಗಿರುತ್ತದೆ. ಹೆರಿಗೆಯಲ್ಲಿ ಮಗುವಿನ ತಲೆಯ ಒತ್ತಡ ಬೀಳುವುದು ಈ ಭಾಗದ ಮೇಲೆಯೇ. ಆದುದರಿಂದ ಹರಿಯುವುದೂ ಸಾಮಾನ್ಯವಾಗಿ ಈ ಭಾಗವೇ.

ಹೆರಿಗೆಯಲ್ಲಿ ಆಗುವ ಗಾಯದ ದರ್ಜೆಗಳು

ಯೋನಿ ಮತ್ತು ಗುದದ್ವಾರಗಳ ನಡುವಿನ ಭಾಗವು ಹೆರಿಗೆಯಲ್ಲಿ ಹಿಗ್ಗುತ್ತದೆ; ಕೆಲವೊಮ್ಮೆ ಹರಿಯುತ್ತದೆ. ವೈದ್ಯರು ಈ ಹರಿತವನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸುತ್ತಾರೆ. ಚರ್ಮ ಮತ್ತು ಯೋನಿಯ ಒಳಪದರ ಮಾತ್ರ ಹರಿದರೆ ಅದು ಮೊದಲನೆಯ ದರ್ಜೆ. ಅದರ ಕೆಳಗಿನ ಸ್ನಾಯುಗಳೂ ಹರಿದು, ಗುದಸಂಕೋಚಕಗಳು ಮಾತ್ರ ಉಳಿದುಕೊಂಡಿದ್ದರೆ ಅದು ಎರಡನೆಯದು. ಸಂಕೋಚಕ ಸ್ನಾಯುವೇ ಹರಿದರೆ ಮೂರನೆಯದು. ಇದರಲ್ಲಿ ಮತ್ತೆ ಮೂರು ಬಗೆಗಳಿವೆ: ಹೊರ ಸಂಕೋಚಕದ ದಪ್ಪದಲ್ಲಿ ಅರ್ಧಕ್ಕಿಂತ ಕಡಿಮೆ ಹರಿದಿರುವುದು, ಅರ್ಧಕ್ಕಿಂತ ಹೆಚ್ಚು ಹರಿದಿರುವುದು, ಒಳ ಸಂಕೋಚಕವೂ ಹರಿದಿರುವುದು. ಎರಡು ಸ್ನಾಯುಗಳ ಜೊತೆಗೆ ಗುದನಾಳದ ಒಳಗಿನ ಲೋಳೆಪೊರೆಯೂ ಹರಿದರೆ ಅದು ನಾಲ್ಕನೆಯ ದರ್ಜೆ.

ಚೊಚ್ಚಲು ಹೆರಿಗೆ, ಮಗುವಿನ ತೂಕ ಹೆಚ್ಚಾಗಿರುವುದು, ಹೆರಿಗೆಯ ಎರಡನೆಯ ಹಂತವು ಬಹಳ ಹೊತ್ತು ಎಳೆಯುವುದು, ಇಕ್ಕುಳ ಹಾಕಿ ಮಗುವನ್ನು ಹೊರತೆಗೆಯುವುದು, ಹೆರಿಗೆಯ ದಾರಿಯನ್ನು ಅಗಲಗೊಳಿಸಲು ಹಾಕುವ ಕತ್ತರಿಕೆಯು ನೇರವಾಗಿ ಗುದದ್ವಾರದ ಕಡೆಗೆ ಸಾಗುವುದು — ಇವು ಅಪಾಯವನ್ನು ಹೆಚ್ಚಿಸುವ ಮುಖ್ಯ ಕಾರಣಗಳು.

ಕಿವಿಗೆ ಕೇಳದ ಧ್ವನಿಯಿಂದ ಚಿತ್ರ

ಮನುಷ್ಯನ ಕಿವಿಯು ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಧ್ವನಿಯನ್ನು ಮಾತ್ರ ಕೇಳಬಲ್ಲದು. ಅದಕ್ಕೂ ಹೆಚ್ಚಿನ ಕಂಪನಗಳುಳ್ಳ ಧ್ವನಿಗೆ ಶ್ರವಣಾತೀತ ಧ್ವನಿ ಅಥವಾ ಅಲ್ಟ್ರಾಸೌಂಡ್ ಎಂದು ಹೆಸರು. ಕೆಲವು ಹರಳುಗಳನ್ನು ಒತ್ತಿದಾಗ ವಿದ್ಯುತ್ತು ಹುಟ್ಟುತ್ತದೆ ಎಂಬುದನ್ನು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರು. ಇಂಥ ಹರಳಿಗೆ ವಿದ್ಯುತ್ತನ್ನು ಕೊಟ್ಟರೆ ಅದು ಕಂಪಿಸಿ ಧ್ವನಿ ಹೊರಡಿಸುತ್ತದೆ; ಹಿಂದಿರುಗಿದ ಪ್ರತಿಧ್ವನಿ ತಗುಲಿದಾಗ ಮತ್ತೆ ವಿದ್ಯುತ್ತನ್ನು ಉತ್ಪಾದಿಸುತ್ತದೆ. ಸ್ಕ್ಯಾನಿಂಗ್ ಯಂತ್ರದ ಮೂಲತತ್ತ್ವ ಇದೇ. 1958ರಲ್ಲಿ ಗ್ಲಾಸ್ಗೋ ನಗರದ ಪ್ರಸೂತಿ ತಜ್ಞ ಅಯಾನ್ ಡೊನಾಲ್ಡ್ ಮತ್ತು ಅವರ ಸಂಗಡಿಗರು ಹೊಟ್ಟೆಯ ಗಡ್ಡೆಗಳನ್ನೂ ಗರ್ಭವನ್ನೂ ಈ ವಿಧಾನದಿಂದ ಪರೀಕ್ಷಿಸಿ ಪ್ರಕಟಿಸಿದ ಲೇಖನವು ವೈದ್ಯಲೋಕದ ಗಮನ ಸೆಳೆಯಿತು.

ದೇಹದ ಮೃದುವಾದ ಭಾಗಗಳಲ್ಲಿ ಧ್ವನಿಯು ಸೆಕೆಂಡಿಗೆ ಸುಮಾರು 1540 ಮೀಟರು ವೇಗದಿಂದ ಸಾಗುತ್ತದೆ. 2 ಸೆಂಟಿಮೀಟರು ಆಳದಿಂದ ಪ್ರತಿಧ್ವನಿ ಹಿಂದಿರುಗಲು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ 26 ಪಾಲಿನಷ್ಟು ಕಾಲ ಸಾಕು. ಈ ಕಾಲವನ್ನು ಅಳೆದು ಯಂತ್ರವು ಯಾವ ಪದರ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕಿ ಪರದೆಯ ಮೇಲೆ ಚುಕ್ಕೆಗಳಾಗಿ ಮೂಡಿಸುತ್ತದೆ. ಕಂಪನಗಳ ಸಂಖ್ಯೆ ಹೆಚ್ಚಿದಷ್ಟೂ ಚಿತ್ರ ನವಿರಾಗುತ್ತದೆ. ಆದರೆ ಧ್ವನಿ ಹೆಚ್ಚು ಆಳಕ್ಕೆ ಇಳಿಯಲಾರದು. ಹೊಟ್ಟೆಯ ಮೇಲಿನಿಂದ ನೋಡುವಾಗ ಆಳ ಬೇಕಾದುದರಿಂದ ಕಡಿಮೆ ಕಂಪನದ ಧ್ವನಿಯನ್ನು ಬಳಸುತ್ತಾರೆ. ಗುದಸಂಕೋಚಕಗಳಾದರೋ ಶೋಧಕದ ಪಕ್ಕದಲ್ಲಿಯೇ ಇರುವುದರಿಂದ ಸೆಕೆಂಡಿಗೆ ಒಂದು ಕೋಟಿ ಅಥವಾ ಅದಕ್ಕೂ ಹೆಚ್ಚು ಕಂಪನಗಳುಳ್ಳ ಧ್ವನಿಯನ್ನು ಬಳಸಬಹುದು. ಆಗ ಮಿಲಿಮೀಟರಿನಷ್ಟು ಸಣ್ಣ ವಿವರವೂ ಸ್ಪಷ್ಟವಾಗಿ ಕಾಣುತ್ತದೆ.

ಮಲಾಶಯದ ಗಡ್ಡೆಗಳನ್ನು ನೋಡಲೆಂದು ತಯಾರಾದ ತಿರುಗುವ ಶೋಧಕವನ್ನು ಸಂಕೋಚಕ ಸ್ನಾಯುಗಳ ಪರೀಕ್ಷೆಗೆ ಹೊಂದಿಸಿದವರು ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ವೈದ್ಯರು. ಅದರ ವಿಧಾನವನ್ನೂ ಸಹಜ ರಚನೆಯ ಚಿತ್ರಗಳನ್ನೂ ಅವರು 1989ರಲ್ಲಿ ಪ್ರಕಟಿಸಿದರು. ಇಂದಿನ ಯಂತ್ರಗಳು ಗುದನಾಳದ ಸುತ್ತಲಿನ ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿ ಉದ್ದ, ಅಗಲ, ಆಳ ಮೂರನ್ನೂ ತೋರಿಸಬಲ್ಲವು.

ಪರೀಕ್ಷೆಯನ್ನು ಮಾಡುವ ಕ್ರಮ

ಈ ಪರೀಕ್ಷೆಗೆ ಉಪವಾಸ ಬೇಕಿಲ್ಲ. ಅರಿವಳಿಕೆಯೂ ಸಾಮಾನ್ಯವಾಗಿ ಬೇಕಿಲ್ಲ. ಮಲವಿಸರ್ಜನೆ ಮಾಡಿ ಬಂದರೆ ಸಾಕು. ಕೆಲವು ಕಡೆ ಸಣ್ಣ ಎನಿಮಾ ಕೊಡುತ್ತಾರೆ. ಪರೀಕ್ಷೆಗೆ ಒಳಗಾಗುವವರು ಎಡಮಗ್ಗುಲಾಗಿ ಮಂಡಿ ಮಡಿಸಿ ಮಲಗುತ್ತಾರೆ. ಸ್ತ್ರೀಯರಲ್ಲಿ ಮುಂಭಾಗದ ಸ್ನಾಯುವು ಸರಿಯಾಗಿ ಕಾಣಲೆಂದು ಬೋರಲಾಗಿ ಮಲಗಿಸುವುದೂ ಉಂಟು. ಬೆರಳಿಗಿಂತ ಸ್ವಲ್ಪ ದಪ್ಪವಾದ ಶೋಧಕಕ್ಕೆ ಹೊಸ ರಬ್ಬರಿನ ಹೊದಿಕೆಯನ್ನು ತೊಡಿಸಿ, ಜಾರುವ ಜೆಲ್ ಸವರಿ, ಗುದನಾಳದೊಳಕ್ಕೆ ಮೆಲ್ಲನೆ ಸೇರಿಸುತ್ತಾರೆ. ಅನಂತರ ಅದನ್ನು ನಿಧಾನವಾಗಿ ಹೊರಕ್ಕೆ ತರುತ್ತ ಮೇಲಿನ, ನಡುವಿನ, ಕೆಳಗಿನ ಮಟ್ಟಗಳಲ್ಲಿ ಚಿತ್ರಗಳನ್ನು ತೆಗೆಯುತ್ತಾರೆ. ಹತ್ತು ನಿಮಿಷದೊಳಗೆ ಕೆಲಸ ಮುಗಿಯುತ್ತದೆ. ಸ್ವಲ್ಪ ಒತ್ತಡದ ಅನುಭವವಾಗುವುದೇ ಹೊರತು ನೋವಾಗುವುದು ಕಡಿಮೆ. ಎಕ್ಸ್-ರೇ ಕಿರಣಗಳ ಬಳಕೆ ಇಲ್ಲದಿರುವುದರಿಂದ ಹಾಲೂಡಿಸುವ ತಾಯಂದಿರಿಗೂ ಭಯವಿಲ್ಲ.

ರಬ್ಬರಿನ ಕೈಗವಸು ಮುಂತಾದವುಗಳಿಂದ ಮೈಮೇಲೆ ಗಂಧೆ ಏಳುವವರು ಅದನ್ನು ಮೊದಲೇ ತಿಳಿಸಬೇಕು. ಗುದದ್ವಾರದಲ್ಲಿ ಬಿರುಕು ಅಥವಾ ಕೀವು ತುಂಬಿದ ಬಾವು ಇದ್ದು ಬಹಳ ನೋವಿದ್ದರೆ ಪರೀಕ್ಷೆಯನ್ನು ಮುಂದೂಡಬೇಕಾಗಬಹುದು. ಪರೀಕ್ಷೆಯ ಕಾಲದಲ್ಲಿ ಒಬ್ಬ ಮಹಿಳಾ ದಾದಿಯೋ ಮನೆಯ ಹೆಂಗಸೋ ಜೊತೆಯಲ್ಲಿರಬೇಕೆಂದು ಕೇಳುವುದು ರೋಗಿಯ ಹಕ್ಕು. ಕೇಳಲು ಸಂಕೋಚಪಡಬೇಕಾಗಿಲ್ಲ.

ಈ ಶೋಧಕವಿಲ್ಲದ ಆಸ್ಪತ್ರೆಗಳಲ್ಲಿ ಸಾಮಾನ್ಯ ಸ್ಕ್ಯಾನಿಂಗ್ ಯಂತ್ರದ ಶೋಧಕವನ್ನೇ ಯೋನಿ ಮತ್ತು ಗುದದ್ವಾರಗಳ ನಡುವಿನ ಚರ್ಮದ ಮೇಲಿರಿಸಿ ಹೊರಗಿನಿಂದ ಸ್ನಾಯುಗಳನ್ನು ನೋಡುವ ವಿಧಾನವೂ ಬಳಕೆಯಲ್ಲಿದೆ. ಒಳಗೆ ಏನನ್ನೂ ಸೇರಿಸಬೇಕಿಲ್ಲದಿರುವುದು ಇದರ ಅನುಕೂಲ.

ಚಿತ್ರದಲ್ಲಿ ಕಾಣುವುದೇನು?

ಪರದೆಯ ಮೇಲೆ ಚಿತ್ರವು ಬಳೆಗಳನ್ನು ಒಂದರೊಳಗೊಂದು ಇರಿಸಿದಂತೆ ಕಾಣುತ್ತದೆ. ನಡುವೆ ಶೋಧಕ; ಅದರ ಸುತ್ತ ಒಳಪದರದ ಬೆಳ್ಳಗಿನ ಪಟ್ಟಿ; ಅನಂತರ ಕಪ್ಪಾದ ಉಂಗುರವಾಗಿ ಒಳ ಸಂಕೋಚಕ; ಅದರ ಹೊರಗೆ ಬೂದು ಬಿಳುಪು ಮಿಶ್ರಿತ ದಪ್ಪ ಉಂಗುರವಾಗಿ ಹೊರ ಸಂಕೋಚಕ. ವೈದ್ಯರು ಈ ಉಂಗುರವನ್ನು ಗಡಿಯಾರದ ಮುಖದಂತೆ ಭಾವಿಸುತ್ತಾರೆ. ಮುಂಭಾಗ 12 ಗಂಟೆ, ಹಿಂಭಾಗ 6 ಗಂಟೆ. ವರದಿಯಲ್ಲಿ 10 ಗಂಟೆಯಿಂದ 2 ಗಂಟೆಯವರೆಗೆ ಹೊರ ಸಂಕೋಚಕ ಹರಿದಿದೆ ಎಂದು ಬರೆದಿದ್ದರೆ, ಮುಂಭಾಗದಲ್ಲಿ ಸುತ್ತಳತೆಯ ಮೂರನೆಯ ಒಂದು ಭಾಗದಷ್ಟು ಸ್ನಾಯು ಬಿಟ್ಟುಹೋಗಿದೆ ಎಂದು ತಿಳಿಯಬೇಕು.

ಒಳ ಸಂಕೋಚಕದ ಕಪ್ಪು ಉಂಗುರ ತುಂಡಾಗಿದ್ದರೆ ಅದು ಬಹಳ ಸ್ಪಷ್ಟವಾಗಿ ಕಾಣುತ್ತದೆ. ಉಂಗುರ ತುಂಡಾಗದೆ ಸುತ್ತಲೂ ತೀರ ತೆಳುವಾಗಿದ್ದರೆ ಸ್ನಾಯು ಸವೆದಿದೆ ಎಂದರ್ಥ. ವಯಸ್ಸಾದಂತೆ ಈ ಉಂಗುರ ಸ್ವಲ್ಪ ದಪ್ಪವಾಗುವುದು ಸಹಜ. ಚಿತ್ರವನ್ನು ಓದುವುದಕ್ಕೆ ಅನುಭವ ಬೇಕು. ಸ್ತ್ರೀಯರಲ್ಲಿ ಮೇಲಿನ ಮಟ್ಟದಲ್ಲಿ ಮುಂಭಾಗದ ಹೊರ ಸಂಕೋಚಕವು ಸ್ವಾಭಾವಿಕವಾಗಿಯೇ ಪೂರ್ತಿಯಾಗಿರುವುದಿಲ್ಲ. ಅನುಭವವಿಲ್ಲದವರು ಅದನ್ನೇ ಹರಿತವೆಂದು ತಪ್ಪು ತಿಳಿಯಬಹುದು.

ಸಂಶೋಧನೆಗಳು ಕಲಿಸಿದ ಪಾಠ

1993ರಲ್ಲಿ ಅಬ್ದುಲ್ ಸುಲ್ತಾನ್ ಮತ್ತು ಅವರ ಸಂಗಡಿಗರು ಲಂಡನ್ನಿನಲ್ಲಿ ನಡೆಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. 150 ಮಂದಿ ಸ್ತ್ರೀಯರನ್ನು ಹೆರಿಗೆಗೆ ಮೊದಲೂ ಹೆರಿಗೆಯಾದ 6 ವಾರಗಳ ಅನಂತರವೂ ಈ ವಿಧಾನದಿಂದ ಪರೀಕ್ಷಿಸಲಾಗಿತ್ತು. ಯೋನಿಮಾರ್ಗದಿಂದ ಚೊಚ್ಚಲು ಹೆರಿಗೆಯಾದ 79 ಮಂದಿಯಲ್ಲಿ 28 ಮಂದಿಗೆ, ಅಂದರೆ ನೂರಕ್ಕೆ 35 ಮಂದಿಗೆ, ಸಂಕೋಚಕದಲ್ಲಿ ಗಾಯವಾಗಿತ್ತು. ಇಕ್ಕುಳ ಹಾಕಿದ 10 ಮಂದಿಯಲ್ಲಿ 8 ಮಂದಿಗೆ ಗಾಯವಾಗಿತ್ತು. ಸಿಸೇರಿಯನ್ ಆದ 23 ಮಂದಿಯಲ್ಲಿ ಯಾರಿಗೂ ಹೊಸ ಗಾಯ ಕಾಣಲಿಲ್ಲ. ಗಾಯ ಕಂಡವರೆಲ್ಲರಿಗೂ ತೊಂದರೆ ಇರಲಿಲ್ಲ. ಚೊಚ್ಚಲು ಹೆರಿಗೆಯವರಲ್ಲಿ 6 ವಾರಗಳ ಹೊತ್ತಿಗೆ ಹತೋಟಿಯ ತೊಂದರೆ ಕಂಡುಬಂದುದು ನೂರಕ್ಕೆ 13 ಮಂದಿಗೆ. ಇದನ್ನು ಓದಿ ಸಿಸೇರಿಯನ್ನೇ ಒಳ್ಳೆಯದೆಂದು ತೀರ್ಮಾನಿಸಬಾರದು. ಆ ಶಸ್ತ್ರಚಿಕಿತ್ಸೆಗೆ ಅದರದೇ ಆದ ಅಪಾಯಗಳಿವೆ.

ಈ ಗಾಯಗಳು ಕಣ್ಣಿಗೆ ಕಾಣದವು, ಯಂತ್ರಕ್ಕೆ ಮಾತ್ರ ಕಾಣುವವು ಎಂಬ ಭಾವನೆ ಕೆಲವು ಕಾಲ ಇತ್ತು. 2006ರಲ್ಲಿ ಪ್ರಕಟವಾದ ಇನ್ನೊಂದು ಬ್ರಿಟಿಷ್ ಅಧ್ಯಯನವು ಅದನ್ನು ತಿದ್ದಿತು. ಹೆರಿಗೆ ಮಾಡಿಸಿದವರು ಸಂಕೋಚಕದ ಗಾಯವನ್ನು ಗುರುತಿಸಿದ್ದುದು ನೂರಕ್ಕೆ 11 ಮಂದಿಯಲ್ಲಿ. ಅದೇ ತಾಯಂದಿರನ್ನು ತರಬೇತಿ ಪಡೆದ ವೈದ್ಯರು ಹೆರಿಗೆಯ ಬೆನ್ನಲ್ಲೇ ಕಣ್ಣಿನಿಂದಲೂ ಬೆರಳಿನಿಂದಲೂ ಮತ್ತೆ ಪರೀಕ್ಷಿಸಿದಾಗ ಆ ಸಂಖ್ಯೆ ನೂರಕ್ಕೆ 24ಕ್ಕಿಂತ ಹೆಚ್ಚಾಯಿತು. ಅಲ್ಟ್ರಾಸೌಂಡಿಗೆ ಮಾತ್ರ ಕಂಡ ಗಾಯಗಳು ಬಹಳ ಕಡಿಮೆ. ಹೆಚ್ಚಿನ ಗಾಯಗಳು ಅಡಗಿರುವುದಿಲ್ಲ; ಅವನ್ನು ಹುಡುಕಿ ನೋಡಿರುವುದಿಲ್ಲ ಅಷ್ಟೆ. ಆದಕಾರಣ ಹೆರಿಗೆಯಾದ ಮೇಲೆ ಹೊಲಿಗೆ ಹಾಕುವ ಮೊದಲು ಒಳ್ಳೆಯ ಬೆಳಕಿನಲ್ಲಿ, ಗುದನಾಳದಲ್ಲಿ ಬೆರಳಿಟ್ಟು ಪರೀಕ್ಷಿಸುವುದು ಪ್ರತಿಯೊಬ್ಬ ತಾಯಿಗೂ ಸಲ್ಲಬೇಕಾದ ಆರೈಕೆ. ಯಂತ್ರವು ಈ ಪರೀಕ್ಷೆಗೆ ಪೂರಕವೇ ಹೊರತು ಬದಲಿಯಲ್ಲ.

ಯಾರಿಗೆ ಈ ಪರೀಕ್ಷೆ ಬೇಕು?

ಹೆರಿಗೆಯಾದ ಪ್ರತಿಯೊಬ್ಬರಿಗೂ ಇದು ಬೇಕಿಲ್ಲ. ಕೆಳಗಿನ ಸಂದರ್ಭಗಳಲ್ಲಿ ವೈದ್ಯರ ಸಲಹೆಯಂತೆ ಮಾಡಿಸಬೇಕು:

1. ಹೆರಿಗೆಯ ಅನಂತರ ಅಪಾನವಾಯು ಅಥವಾ ಮಲದ ಮೇಲೆ ಹತೋಟಿ ತಪ್ಪಿದ್ದು, ಕೆಲವು ವಾರಗಳಾದರೂ ಸರಿಹೋಗದಿರುವುದು.

2. ಮೂರನೆಯ ಅಥವಾ ನಾಲ್ಕನೆಯ ದರ್ಜೆಯ ಗಾಯಕ್ಕೆ ಹೊಲಿಗೆ ಹಾಕಿಸಿಕೊಂಡವರು ಮತ್ತೆ ಗರ್ಭಿಣಿಯಾಗಿ, ಮುಂದಿನ ಹೆರಿಗೆ ಹೇಗಾಗಬೇಕೆಂದು ನಿರ್ಧರಿಸಬೇಕಾಗಿರುವುದು.

3. ನಡುವಯಸ್ಸಿನ ಅಥವಾ ವಯಸ್ಸಾದ ಸ್ತ್ರೀಯರಲ್ಲಿ ಹೊಸದಾಗಿ ಹತೋಟಿ ತಪ್ಪಿರುವುದು. ಯೌವನದಲ್ಲಿ ಆದ ಗಾಯವು ಮುಟ್ಟು ನಿಂತ ಮೇಲೆ ಸ್ನಾಯುಗಳು ದುರ್ಬಲವಾದಾಗ ತೊಂದರೆಯಾಗಿ ತಲೆದೋರಬಹುದು.

4. ಮೂಲವ್ಯಾಧಿ, ಬಿರುಕು, ಭಗಂದರ ಮುಂತಾದವುಗಳಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಹತೋಟಿ ತಪ್ಪಿರುವುದು. ಇದು ಪುರುಷರಿಗೂ ಅನ್ವಯಿಸುತ್ತದೆ.

5. ಭಗಂದರದ ಹುಣ್ಣಿನ ದಾರಿಯು ಸಂಕೋಚಕಗಳನ್ನು ಎಲ್ಲಿ ದಾಟಿ ಹೋಗಿದೆ ಎಂದು ಶಸ್ತ್ರಚಿಕಿತ್ಸೆಗೆ ಮೊದಲು ತಿಳಿಯಬೇಕಾಗಿರುವುದು.

ಈ ಪರೀಕ್ಷೆ ಹೇಳಲಾರದ ಸಂಗತಿಗಳು

ಅಲ್ಟ್ರಾಸೌಂಡ್ ಚಿತ್ರವು ಸ್ನಾಯುವಿನ ರಚನೆಯನ್ನು ತೋರಿಸುತ್ತದೆ, ಅದರ ಶಕ್ತಿಯನ್ನಲ್ಲ. ಸ್ನಾಯು ಇಡಿಯಾಗಿದ್ದರೂ ಅದಕ್ಕೆ ಆಜ್ಞೆ ತರುವ ನರಕ್ಕೆ ಪೆಟ್ಟಾಗಿದ್ದರೆ ಹತೋಟಿ ತಪ್ಪಬಹುದು. ಮಧುಮೇಹ ಮತ್ತು ಬೆನ್ನುಹುರಿಯ ರೋಗಗಳಲ್ಲಿ ಹೀಗಾಗುವುದುಂಟು. ಬಹುಕಾಲದ ಭೇದಿಯೂ, ಮಲಬದ್ಧತೆಯಿಂದ ಮಲ ಗಟ್ಟಿಯಾಗಿ ಅದರ ಪಕ್ಕದಿಂದ ಸೋರುವುದೂ ಇದೇ ಲಕ್ಷಣವನ್ನು ತೋರಬಹುದು. ಆದುದರಿಂದ ಗುದನಾಳದ ಒತ್ತಡವನ್ನು ಅಳೆಯುವ ಪರೀಕ್ಷೆ, ನರಗಳ ಪರೀಕ್ಷೆ, ಕೆಲವರಲ್ಲಿ ಎಂ.ಆರ್.ಐ. ಇವುಗಳ ಜೊತೆಯಲ್ಲಿ ಈ ಚಿತ್ರವನ್ನು ಹೋಲಿಸಿ ನೋಡಿ ವೈದ್ಯರು ನಿರ್ಣಯಕ್ಕೆ ಬರುತ್ತಾರೆ. ಅದೇ ರೀತಿ, ಚಿತ್ರದಲ್ಲಿ ಸಣ್ಣ ಹರಿತ ಕಂಡಿದ್ದು ತೊಂದರೆಯೇನೂ ಇಲ್ಲದವರಿಗೆ ಶಸ್ತ್ರಚಿಕಿತ್ಸೆ ಬೇಕಿಲ್ಲ.

ಚಿಕಿತ್ಸೆಯ ದಾರಿಗಳು

ಹೆರಿಗೆಯ ಸಮಯದಲ್ಲಿಯೇ ಗಾಯವನ್ನು ಗುರುತಿಸಿ, ತರಬೇತಿ ಪಡೆದವರು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಸ್ನಾಯುವಿನ ತುದಿಗಳನ್ನು ಕೂಡಿಸಿ ಹೊಲಿದರೆ ಬಹಳ ಮಂದಿ ಗುಣಮುಖರಾಗುತ್ತಾರೆ. ಅನಂತರ ಸೋಂಕು ತಡೆಯುವ ಔಷಧ, ಮಲವನ್ನು ಮೃದುವಾಗಿಡುವ ಔಷಧ ಮತ್ತು ಶುಚಿತ್ವ ಅಗತ್ಯ. ಬಾಣಂತಿಗೆ ನೀರನ್ನೂ ಸೊಪ್ಪು ತರಕಾರಿಗಳನ್ನೂ ಕೊಡದೆ ಪಥ್ಯ ಮಾಡಿಸುವ ರೂಢಿ ಕೆಲವು ಮನೆಗಳಲ್ಲಿದೆ. ಇದರಿಂದ ಮಲಬದ್ಧತೆಯಾಗಿ, ಮುಕ್ಕುವಾಗ ಹೊಲಿಗೆಯ ಮೇಲೆ ಒತ್ತಡ ಬೀಳುತ್ತದೆ. ಹಿರಿಯರು ಇದನ್ನು ಗಮನಿಸಬೇಕು.

ತಡವಾಗಿ ಪತ್ತೆಯಾದರೂ ನಿರಾಶರಾಗಬೇಕಿಲ್ಲ. ಮೊದಲ ಹಂತದಲ್ಲಿ ಆಹಾರದ ಮಾರ್ಪಾಡು, ಔಷಧ ಮತ್ತು ಗುದಸಂಕೋಚಕಗಳನ್ನೂ ಅವುಗಳ ಸುತ್ತಲಿನ ಸ್ನಾಯುಗಳನ್ನೂ ಬಿಗಿಹಿಡಿದು ಸಡಿಲಿಸುವ ವ್ಯಾಯಾಮವನ್ನು ಹೇಳಿಕೊಡುತ್ತಾರೆ. ಇದರಿಂದ ಸಾಕಷ್ಟು ಗುಣ ಕಾಣದೆ, ಅಲ್ಟ್ರಾಸೌಂಡಿನಲ್ಲಿ ಹೊರ ಸಂಕೋಚಕದ ಹರಿತ ಸ್ಪಷ್ಟವಾಗಿದ್ದರೆ, ಬಿಟ್ಟುಹೋದ ತುದಿಗಳನ್ನು ಒಂದರ ಮೇಲೊಂದು ತಂದು ಹೊಲಿಯುವ ಶಸ್ತ್ರಚಿಕಿತ್ಸೆಯನ್ನು ಪರಿಶೀಲಿಸುತ್ತಾರೆ. ಇದರಿಂದ ಬಂದ ಗುಣವು ವರ್ಷಗಳು ಕಳೆದಂತೆ ಕೆಲವರಲ್ಲಿ ಕುಗ್ಗುವುದುಂಟು. ಆದುದರಿಂದ ವ್ಯಾಯಾಮವನ್ನು ಬಿಡಬಾರದು. ಹರಿತವೇ ಇಲ್ಲದಿದ್ದರೆ ಈ ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲ. ಅನಾವಶ್ಯಕ ಶಸ್ತ್ರಚಿಕಿತ್ಸೆಯನ್ನು ತಪ್ಪಿಸುವುದೂ ಈ ಪರೀಕ್ಷೆಯ ಒಂದು ದೊಡ್ಡ ಉಪಕಾರ.

ಗಾಯವಾಗದಂತೆ ಎಚ್ಚರ

ಮಗುವಿನ ತಲೆ ಹೊರಬರುವಾಗ ಆತುರಪಡದೆ ನಿಧಾನವಾಗಿ ಬರುವಂತೆ ನೋಡಿಕೊಳ್ಳುವುದು, ಕೈಯಿಂದ ಆ ಭಾಗಕ್ಕೆ ಆಸರೆ ಕೊಡುವುದು, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ ಕೊಡುವುದು ಉಪಯುಕ್ತವೆಂದು ಕಂಡುಬಂದಿದೆ. ಹೆರಿಗೆಯ ದಾರಿಯನ್ನು ಎಲ್ಲರಿಗೂ ರೂಢಿಯಂತೆ ಕತ್ತರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ಕತ್ತರಿಸಲೇಬೇಕಾದಾಗ ನಡುಗೆರೆಯಿಂದ ಸುಮಾರು 60 ಡಿಗ್ರಿಯಷ್ಟು ಪಕ್ಕಕ್ಕೆ ಓರೆಯಾಗಿ ಕತ್ತರಿಸಿದರೆ ಸಂಕೋಚಕಗಳಿಗೆ ಅಪಾಯ ಕಡಿಮೆ. ಹೆರಿಗೆ ಕೊಠಡಿಗಳ ಗುಣಮಟ್ಟವನ್ನು ಹೆಚ್ಚಿಸಲು ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ಲಕ್ಷ್ಯ ಕಾರ್ಯಕ್ರಮದ ಉದ್ದೇಶವೂ ತಾಯಿಗೆ ಸುರಕ್ಷಿತವಾದ, ಗೌರವಯುತವಾದ ಆರೈಕೆ ಸಿಗಬೇಕೆಂಬುದೇ.

ಚೆನ್ನೈಗೆ ಹೋಗುವವರಿಗೆ

ಈ ಪರೀಕ್ಷೆಯ ವಿಶೇಷ ಶೋಧಕವು ಎಲ್ಲ ಸ್ಕ್ಯಾನಿಂಗ್ ಕೇಂದ್ರಗಳಲ್ಲಿ ಇರುವುದಿಲ್ಲ. ಮಲಾಶಯ ಮತ್ತು ಗುದರೋಗಗಳ ಶಸ್ತ್ರಚಿಕಿತ್ಸಾ ವಿಭಾಗವಿರುವ ದೊಡ್ಡ ಆಸ್ಪತ್ರೆಗಳಲ್ಲಿ ವಿಚಾರಿಸಬೇಕು. ಜೀರ್ಣಾಂಗಗಳ ಶಸ್ತ್ರಚಿಕಿತ್ಸೆಯನ್ನು ಪ್ರತ್ಯೇಕ ವಿಭಾಗವಾಗಿ ಬೆಳೆಸಿದ ಹೆಗ್ಗಳಿಕೆ ಮದ್ರಾಸ್ ವೈದ್ಯಕೀಯ ಕಾಲೇಜಿಗಿದೆ, ಶಸ್ತ್ರವೈದ್ಯ ಎನ್. ರಂಗಭಾಷ್ಯಂ ಅವರು ಅದನ್ನು ಅಲ್ಲಿ ಕಟ್ಟಿದರು. ಹೊರಡುವ ಮೊದಲು ಊರಿನ ವೈದ್ಯರಿಂದ ಪತ್ರ ಪಡೆದು, ಹೆರಿಗೆಯ ಕಾಲದ ಆಸ್ಪತ್ರೆಯ ಬಿಡುಗಡೆ ಪತ್ರವನ್ನೂ ಹಿಂದಿನ ಶಸ್ತ್ರಚಿಕಿತ್ಸೆಯ ಕಾಗದಗಳನ್ನೂ ಜೊತೆಯಲ್ಲಿ ಒಯ್ಯಬೇಕು. ತಮಿಳು ಬಾರದವರು ಭಾಷೆ ಬಲ್ಲ, ವಿಶ್ವಾಸದ ಸ್ತ್ರೀಯೊಬ್ಬರನ್ನು ಕರೆದೊಯ್ಯುವುದು ಲೇಸು. ಇಂಥ ವಿಷಯವನ್ನು ಅಪರಿಚಿತರ ಮೂಲಕ ಹೇಳಿಸುವಾಗ ಮುಖ್ಯವಾದ ಮಾತೇ ಬಿಟ್ಟುಹೋಗಬಹುದು.

ಅಲ್ಟ್ರಾಸೌಂಡ್ ಯಂತ್ರಗಳ ಬಳಕೆಯನ್ನು ನಮ್ಮ ದೇಶದಲ್ಲಿ ಕಾನೂನು ನಿಯಂತ್ರಿಸುತ್ತದೆ ಎಂಬುದನ್ನೂ ತಿಳಿದಿರಬೇಕು. ಭ್ರೂಣದ ಲಿಂಗಪತ್ತೆಯನ್ನು ತಡೆಯಲು 1994ರಲ್ಲಿ ಮಾಡಿದ ಅಧಿನಿಯಮವು 1996ರ ಜನವರಿ 1ರಿಂದ ಜಾರಿಗೆ ಬಂದು, 2003ರಲ್ಲಿ ತಿದ್ದುಪಡಿಯಾಗಿದೆ. ಸಂಕೋಚಕ ಸ್ನಾಯುಗಳ ಪರೀಕ್ಷೆಗೂ ಭ್ರೂಣಕ್ಕೂ ಸಂಬಂಧವಿಲ್ಲ. ಆದರೂ ನೋಂದಾಯಿತ ಕೇಂದ್ರದಲ್ಲಿ, ಅರ್ಹ ವೈದ್ಯರಿಂದಲೇ ಪರೀಕ್ಷೆ ಮಾಡಿಸುವುದು ಸರಿಯಾದ ಕ್ರಮ.

ಮೌನ ಮುರಿಯಬೇಕು

ಯಂತ್ರ ಎಷ್ಟೇ ಸೂಕ್ಷ್ಮವಾಗಿದ್ದರೂ, ತನ್ನ ಮುಂದೆ ಬಾರದವರ ಗಾಯವನ್ನು ಅದು ತೋರಿಸಲಾರದು. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆಯು 3ನೆಯ ದಿನದಿಂದ 42ನೆಯ ದಿನದವರೆಗೆ ಆರು ಬಾರಿ ಭೇಟಿ ಕೊಡಬೇಕೆಂಬ ವ್ಯವಸ್ಥೆ ಇದೆ. ಮಗುವಿನ ತೂಕ, ಹಾಲು, ಜ್ವರಗಳನ್ನು ವಿಚಾರಿಸುವಾಗಲೇ, ವಾಯುವನ್ನೂ ಮಲವನ್ನೂ ತಡೆದುಕೊಳ್ಳಲು ಆಗುತ್ತಿದೆಯೇ ತಾಯಿ ಎಂದು ಒಂದು ಮಾತು ಕೇಳಿದರೆ, ವರ್ಷಗಟ್ಟಲೆ ನರಳಬೇಕಾಗಿದ್ದ ಒಬ್ಬಳು ಸಕಾಲದಲ್ಲಿ ವೈದ್ಯರನ್ನು ಕಾಣುವಂತಾಗುತ್ತದೆ. ಅತ್ತೆ, ತಾಯಿ, ಅಕ್ಕಂದಿರು ಬಾಣಂತನದ ಕೋಣೆಯಲ್ಲಿಯೇ ಈ ಮಾತನ್ನು ಕೇಳಬಹುದು. ಗಂಡನಾದವನು ಇದನ್ನು ಹೆಂಡತಿಯ ಅಸಡ್ಡೆ ಎಂದು ಎಣಿಸದೆ, ಅವಳ ದೇಹಕ್ಕೆ ಆದ ಗಾಯವೆಂದು ತಿಳಿದು ಜೊತೆಗೆ ನಿಲ್ಲಬೇಕು.

ಹೆತ್ತ ಮೇಲೆ ಹೀಗಾಗುವುದು ಸಹಜ, ಹೆಣ್ಣಾದವಳು ಸಹಿಸಿಕೊಳ್ಳಬೇಕು ಎಂಬ ಮಾತನ್ನು ಯಾರೂ ಆಡಬಾರದು, ಯಾರೂ ನಂಬಬಾರದು. ಇದು ಪತ್ತೆ ಹಚ್ಚಬಹುದಾದ ಗಾಯ, ಚಿಕಿತ್ಸೆಯುಳ್ಳ ಗಾಯ. ತೊಂದರೆ ಇರುವವರು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನೋ ಹೆರಿಗೆ ತಜ್ಞರನ್ನೋ ಕಂಡು ಇದ್ದುದನ್ನು ಇದ್ದಂತೆ ಹೇಳಬೇಕು. ಚಿಕಿತ್ಸೆ ಆರಂಭವಾಗುವುದು ಆ ಮಾತಿನಿಂದಲೇ.